ಸೊಂಟಪಟ್ಟಿಯ ಶಾಸ್ತ್ರ

ಬಟ್ಟೆ ಉಡಲು ಕಲಿತ ದಿನವೇ ಮನುಷ್ಯನು ಅದು ಜಾರದಂತೆ ನೋಡಿಕೊಳ್ಳುವ ಚಿಂತೆಯನ್ನೂ ಕಲಿತಿರಬೇಕು. ನಮ್ಮ ಹಿರಿಯರು ಈ ಚಿಂತೆಯನ್ನು ಬಹಳ ಸುಲಭವಾಗಿ ಬಗೆಹರಿಸಿಕೊಂಡಿದ್ದರು. ಹಸುಳೆಯ ನಡುವಿಗೆ ಒಂದು ಉಡಿದಾರ. ದೊಡ್ಡವನಾದ ಮೇಲೆ ಪಂಚೆಗೆ ಒಂದು ಬಿಗಿಯಾದ ಕಚ್ಚೆ. ಅಷ್ಟಕ್ಕೆ ಸಂಸಾರ ಸಾಗುತ್ತಿತ್ತು. ಬಾಳಿನ ಮುಖ್ಯ ಸ್ಥಿತಿಗಳನ್ನೆಲ್ಲ ಅವರು ಸೊಂಟದ ಮೂಲಕವೇ ಹೇಳಿದರು. ಕೆಲಸಕ್ಕೆ ಸಿದ್ಧನಾದವನು ಟೊಂಕ ಕಟ್ಟಿದನು. ಹಟ ತೊಟ್ಟವನು ಗಂಡುಗಚ್ಚೆ ಹಾಕಿದನು. ಉಣ್ಣಲು ಇಲ್ಲದವನು ಹೊಟ್ಟೆಯ ಮೇಲೆ ತಣ್ಣೀರು ಬಟ್ಟೆ ಹಾಕಿಕೊಂಡನು. ಉತ್ಸಾಹ, ಛಲ, ಹಸಿವು, ಈ ಮೂರನ್ನೂ ಹೇಳಲು ನಡುವೊಂದೇ ಸಾಕಾಯಿತು.

ಪಂಚೆ ಹೋಗಿ ಷರಾಯಿ ಬಂದಾಗ ಅದರ ಬೆನ್ನಿಗೇ ಬೆಲ್ಟೂ ಬಂದಿತು. ಗಂಡಸಿನ ಉಡುಪಿನಲ್ಲಿ ಇದಕ್ಕಿಂತ ವಿನಯಶಾಲಿಯಾದ ವಸ್ತು ಮತ್ತೊಂದಿಲ್ಲ. ಇದ್ದಾಗ ಯಾರೂ ಅದನ್ನು ನೋಡುವುದಿಲ್ಲ. ಇಲ್ಲದಿದ್ದಾಗ ಎಲ್ಲರೂ ನೋಡುತ್ತಾರೆ. ಒಂದು ಅಂಗುಲ ಚಿಲ್ಲರೆ ಅಗಲದ ಈ ಚರ್ಮದ ತುಂಡಿಗೆ ಒಂದೊಂದು ನಾಡಿನಲ್ಲಿ, ಒಂದೊಂದು ಕಸುಬಿನಲ್ಲಿ ಒಂದೊಂದು ಶಾಸ್ತ್ರವುಂಟು ಎಂದರೆ ವಾಚಕರು ನಗಬಹುದು. ಆದರೆ ಆ ಶಾಸ್ತ್ರವನ್ನು ತಿಳಿಯದೆ ಕೆಲಸ ಕೇಳಲು ಹೋಗುವ ತರುಣನಿಗೆ ಅದು ನಗುವಿನ ವಿಷಯವಲ್ಲ. ಆದುದರಿಂದ ಈ ವಾರ ಅದರ ಹಿಂದುಮುಂದನ್ನು ಸ್ವಲ್ಪ ವಿಚಾರಿಸೋಣ.

ಕಸುಬಿಗೊಂದು ಸೊಂಟಪಟ್ಟಿ ಎಂಬುದು ಇಂದಿನ ಕಲ್ಪನೆಯೇನೂ ಅಲ್ಲ. ಉಪನಯನದ ವಟುವಿಗೆ ಕಟ್ಟುವ ಮೇಖಲೆಯ ವಿಷಯದಲ್ಲಿ ಮನುಸ್ಮೃತಿ ಬಹಳ ಖಚಿತವಾಗಿ ಮಾತನಾಡುತ್ತದೆ. ಬ್ರಾಹ್ಮಣನಿಗೆ ಮುಂಜದ ಹುಲ್ಲಿನದು, ಕ್ಷತ್ರಿಯನಿಗೆ ಮೂರ್ವೆಯ ನಾರಿನ ಬಿಲ್ಲಿನ ಹೆದೆ, ವೈಶ್ಯನಿಗೆ ಸೆಣಬಿನ ನೂಲಿನದು. ಬಿಲ್ಲು ಹಿಡಿಯಬೇಕಾದವನ ನಡುವಿಗೆ ಬಿಲ್ಲಿನ ಹೆದೆಯನ್ನೇ ಬಿಗಿದರು! ಹುಡುಗನು ಮುಂದೆ ಏನಾಗಬೇಕೆಂಬುದನ್ನು ಅವನ ಸೊಂಟದ ಮೇಲೆ ಮೊದಲೇ ಬರೆದಿಟ್ಟ ಹಾಗಾಯಿತು. ಆ ಬರಹವನ್ನು ಅಳಿಸುವ ಸ್ವಾತಂತ್ರ್ಯ ಮಾತ್ರ ಅವನಿಗಿರಲಿಲ್ಲ.

ರೋಮನರಲ್ಲಿಯೂ ನಡುಪಟ್ಟಿಗೆ ಇಂಥದೇ ಗೌರವವಿತ್ತು. ಪಟ್ಟಿ ಬಿಗಿದವನೇ ಸೈನಿಕ. ತಪ್ಪು ಮಾಡಿದ ದಳಪತಿಗಳನ್ನು ಅಗಸ್ಟಸ್ ಚಕ್ರವರ್ತಿಯು ಸೊಂಟಪಟ್ಟಿಯಿಲ್ಲದೆ, ಬರಿಯ ಒಳ ಅಂಗಿಯಲ್ಲಿ, ಸೇನಾನಿಯ ಡೇರೆಯ ಮುಂದೆ ದಿನವಿಡೀ ನಿಲ್ಲಿಸುತ್ತಿದ್ದನೆಂದು ಸುಟೋನಿಯಸ್ ಎಂಬ ಚರಿತ್ರಕಾರನು ಬರೆದಿಟ್ಟಿದ್ದಾನೆ. ಹೊಡೆತವಿಲ್ಲ, ಬೈಗುಳವಿಲ್ಲ, ಪಟ್ಟಿ ಬಿಚ್ಚಿಸಿದರೆ ಸಾಕು, ಮಾನ ಹೋಯಿತು. ಆಪಾದನೆಗೆ ಗುರಿಯಾದ ಸಿಪಾಯಿಯನ್ನು ಟೋಪಿ ಮತ್ತು ಬೆಲ್ಟು ತೆಗೆಸಿ ಮೇಲಧಿಕಾರಿಯ ಎದುರಿಗೆ ನಡೆಸಿಕೊಂಡು ಹೋಗುವ ಪದ್ಧತಿ ಬ್ರಿಟಿಷರ ಸೇನೆಯಲ್ಲಿಯೂ ಇತ್ತು. ಎರಡು ಸಾವಿರ ವರ್ಷಗಳಲ್ಲಿ ಆಯುಧಗಳೆಲ್ಲ ಬದಲಾದರೂ ಈ ಒಂದು ಶಿಕ್ಷೆ ಬದಲಾಗಲಿಲ್ಲ.

ಇನ್ನು ನಮ್ಮ ಕಚೇರಿಗಳಿಗೆ ಬರೋಣ. ಬ್ರಿಟಿಷರ ಕಾಲದ ಕಚೇರಿಯಲ್ಲಿ ಸೊಂಟಪಟ್ಟಿಯು ಸಾಹೇಬನ ಲಕ್ಷಣವಾಗಿರಲಿಲ್ಲ. ಸಾಹೇಬನ ಆಳಿನ ಲಕ್ಷಣವಾಗಿತ್ತು. ಇಲಾಖೆಯ ಹೆಸರು ಕೆತ್ತಿದ ಹಿತ್ತಾಳೆಯ ಬಿಲ್ಲೆಯುಳ್ಳ ಪಟ್ಟಿಯನ್ನು ಧರಿಸಿದವನೆಂದರೆ ಕಾಗದಪತ್ರಗಳನ್ನು ಹೊತ್ತು ತಿರುಗುವ ಜವಾನ. ಮುಂಬಯಿ ಪ್ರಾಂತದಲ್ಲಿ ಅವನ ಹೆಸರೇ ಪಟ್ಟೇವಾಲಾ, ಎಂದರೆ ಪಟ್ಟಿಯವನು ಎಂದಾಯಿತು. ಆ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿಗಳ ಕಡೆಗೂ ಆ ಮಾತು ಬಂದಿತು. ಉತ್ತರ ಹಿಂದೂಸ್ಥಾನದಲ್ಲಿ ಅವನು ಚಪರಾಸಿ. ಚಪರಾಸ್ ಎಂದರೆ ಆ ಬಿಲ್ಲೆ. ಮದರಾಸಿನಲ್ಲಿ ಅವನು ಪ್ಯೂನ್. ಇದು ಕಾಲಾಳು ಎಂಬರ್ಥದ ಪೋರ್ಚುಗೀಸ್ ಮಾತಿನಿಂದ ಬಂದದ್ದು. ನಮ್ಮ ಮೈಸೂರಿನ ಕಡೆ ಮಾತ್ರ ಅವನನ್ನು ಪಟ್ಟಿಯಿಂದಲೂ ಕರೆಯದೆ, ಕಾಲಿನಿಂದಲೂ ಕರೆಯದೆ, ಜವಾನ ಎಂದರು. ಆ ಪಾರಸಿ ಮಾತಿಗೆ ತರುಣನೆಂದು ಅರ್ಥ. ಅರುವತ್ತು ದಾಟಿದವನೂ ಜವಾನನೇ! ಒಬ್ಬನೇ ಮನುಷ್ಯ, ಒಂದೇ ಕೆಲಸ. ಆದರೆ ಅರ್ಧ ದೇಶವು ಅವನ ಹೆಸರನ್ನೇ ಮರೆತು ಅವನ ಸೊಂಟವನ್ನು ಕರೆಯುತ್ತಿತ್ತು. ಮಹಾರಾಷ್ಟ್ರದ ಪೊಲೀಸರಲ್ಲಿ ಪೇದೆಯ ಕ್ರಮಸಂಖ್ಯೆಗೆ ಇಂದಿಗೂ ಬಕಲ್ ನಂಬರ್ ಎಂದೂ, ದೆಹಲಿಯ ಕಡೆ ಬೆಲ್ಟ್ ನಂಬರ್ ಎಂದೂ ಹೆಸರುಂಟು.

ಪೊಲೀಸರ ಮಾತು ಬಂದುದರಿಂದ ಅಧಿಕಾರಿಗಳ ಹೆಗಲಿನಿಂದ ಸೊಂಟಕ್ಕೆ ಓರೆಯಾಗಿ ಇಳಿಯುವ ಪಟ್ಟಿಯ ಕಥೆಯನ್ನೂ ಹೇಳಿಬಿಡುತ್ತೇನೆ. ಗಣರಾಜ್ಯೋತ್ಸವದ ಪಥಸಂಚಲನದಲ್ಲಿ ಅದನ್ನು ಕಂಡ ಮಕ್ಕಳು, ಇದು ಏತಕ್ಕೆಂದು ಕೇಳಿದರೆ ತಂದೆಯರಿಗೆ ಉತ್ತರ ತೋಚುವುದಿಲ್ಲ. ಸ್ಯಾಮ್ ಬ್ರೌನ್ ಎಂಬ ಅಶ್ವದಳದ ಅಧಿಕಾರಿಯು 1858ರ ಆಗಸ್ಟ್ 31ರಂದು ಪಿಲಿಭಿತ್ ಪ್ರದೇಶದ ಕಾಳಗವೊಂದರಲ್ಲಿ ಎಡಗೈಯನ್ನು ಕಳೆದುಕೊಂಡನು. ಸೊಂಟದಲ್ಲಿ ತೂಗಾಡುವ ಕತ್ತಿಯ ಒರೆಯನ್ನು ಎಡಗೈಯಿಂದ ಹಿಡಿದುಕೊಂಡು ಬಲಗೈಯಿಂದ ಕತ್ತಿಯನ್ನು ಸೆಳೆಯಬೇಕು. ಒಂದೇ ಕೈಯುಳ್ಳವನು ಏನು ಮಾಡಬೇಕು? ಒರೆಯು ಅಲುಗಾಡದಂತೆ ಅಗಲವಾದ ಸೊಂಟಪಟ್ಟಿಗೆ ಸಿಕ್ಕಿಸಿ, ಆ ಭಾರವನ್ನು ಹೊರಲು ಹೆಗಲ ಮೇಲಿಂದ ಇನ್ನೊಂದು ಪಟ್ಟಿಯನ್ನು ಹಾಯಿಸಿದನು. ಅಂಗಹೀನನೊಬ್ಬನ ಅನುಕೂಲಕ್ಕಾಗಿ ಹುಟ್ಟಿದ ಈ ಉಪಾಯವು ಎರಡು ಕೈಯುಳ್ಳವರಿಗೂ ಹಿಡಿಸಿ, ಲೋಕದ ಎಷ್ಟೋ ಸೇನೆಗಳ ಅಲಂಕಾರವಾಯಿತು. ಅದರಲ್ಲಿಯೂ ಮತ್ತೆ ಭೇದ: ಬ್ರಿಟಿಷ್ ಸೇನೆಯ ಹೆಚ್ಚಿನ ದಳಗಳಲ್ಲಿ ಅದರ ಬಣ್ಣ ಕಂದು, ರೈಫಲ್ ದಳಗಳಲ್ಲಿ ಕಪ್ಪು. ಇಂದು ಆ ಅಧಿಕಾರಿಗಳ ಸೊಂಟದಲ್ಲಿ ದಿನವೂ ಕತ್ತಿ ತೂಗುವುದಿಲ್ಲ. ಹೊರಬೇಕಾದ ಭಾರ ಹೋದ ಮೇಲೂ ಪಟ್ಟಿಯು ಉಳಿಯಿತು. ಅದು ಈಗ ಹೊರುವುದು ಅಧಿಕಾರದ ಭಾರವನ್ನು.

ನಾಗರಿಕರ ಬೆಲ್ಟಿನ ಚರಿತ್ರೆ ಇಷ್ಟು ಹಳೆಯದಲ್ಲ. ಯುರೋಪಿನ ಗೃಹಸ್ಥನು ಬಹುಕಾಲ ಷರಾಯಿಯನ್ನು ಹೆಗಲಿನಿಂದ ತೂಗುಹಾಕುತ್ತಿದ್ದನು, ನಮ್ಮ ಮಕ್ಕಳ ಚಡ್ಡಿಗೆ ಗ್ಯಾಲೀಸು ಹಾಕಿದಂತೆ. ಲಂಡನ್ನಿನ ಆಲ್ಬರ್ಟ್ ಥರ್ಸ್ಟನ್ ಎಂಬಾತನು 1820ರಲ್ಲಿ ಈ ಗ್ಯಾಲೀಸುಗಳ ಅಂಗಡಿಯನ್ನು ತೆರೆದನು. ಮೊದಲನೆಯ ಮಹಾಯುದ್ಧದಲ್ಲಿ ಲಕ್ಷಾಂತರ ತರುಣರು ಸಮವಸ್ತ್ರದ ಬೆಲ್ಟಿಗೆ ಒಗ್ಗಿಕೊಂಡು ಊರಿಗೆ ಮರಳಿದ ಮೇಲೆ ಬೆಲ್ಟಿನ ಕಾಲ ಬಂದಿತು. ಗಣಿಗಾರರಿಗೂ ಕೂಲಿಗಾರರಿಗೂ ಗಟ್ಟಿ ಷರಾಯಿಗಳನ್ನು ಹೊಲಿದುಕೊಡುತ್ತಿದ್ದ ಅಮೆರಿಕದ ಲೀವೈಸ್ ಸಂಸ್ಥೆಯು ತನ್ನ ಷರಾಯಿಗೆ ಬೆಲ್ಟಿನ ಕುಣಿಕೆಗಳನ್ನು ಹಾಕಿದ್ದು 1922ರಲ್ಲಿ. ಗ್ಯಾಲೀಸಿನ ಗುಂಡಿಗಳನ್ನು ತೆಗೆದುಹಾಕಿದ್ದು 1937ರಲ್ಲಿ. ನಡುವಣ ಹದಿನೈದು ವರ್ಷ ಗಿರಾಕಿಯು ಎರಡರಲ್ಲಿ ಯಾವುದನ್ನಾದರೂ ನೆಚ್ಚಬಹುದಾಗಿತ್ತು.

ಆದರೂ ಲಂಡನ್ನಿನ ಹಳೆಯ ದರ್ಜಿಗಳು ಬೆಲ್ಟನ್ನು ಪೂರ್ತಿಯಾಗಿ ಕ್ಷಮಿಸಿಲ್ಲ. ಸರಿಯಾಗಿ ಅಳತೆ ತೆಗೆದು ಹೊಲಿದ ಷರಾಯಿಗೆ ಬೆಲ್ಟೇಕೆ ಎಂಬುದು ಅವರ ವಾದ. ವೇಸ್ಟ್‌ಕೋಟಿನ ಕೆಳಗೆ ಬಕಲ್ಲು ಉಬ್ಬಿ ಕಾಣುವುದೆಂದು, ಅಂಥ ಷರಾಯಿಗಳಿಗೆ ಪಕ್ಕದಲ್ಲಿ ಬಿಗಿದುಕೊಳ್ಳುವ ಪುಟ್ಟ ಪಟ್ಟಿಗಳನ್ನಷ್ಟೇ ಇಡುತ್ತಾರೆ. ರಾತ್ರಿಯ ಔತಣದ ಕಪ್ಪು ಉಡುಪಿನಲ್ಲಂತೂ ಬೆಲ್ಟಿಗೆ ಪ್ರವೇಶವೇ ಇಲ್ಲ. ಅಲ್ಲಿ ನಡುವಿಗೆ ಸುತ್ತುವುದು ಕಮರ್‌ಬಂದ್. ಪಾರಸಿ ಭಾಷೆಯಲ್ಲಿ ಕಮರ್ ಎಂದರೆ ಸೊಂಟ, ಬಂದ್ ಎಂದರೆ ಕಟ್ಟು. ಈ ದೇಶದ ಸೆಕೆಯಲ್ಲಿ ವೇಸ್ಟ್‌ಕೋಟನ್ನು ತಾಳಲಾರದ ಬ್ರಿಟಿಷ್ ಅಧಿಕಾರಿಗಳು ನಮ್ಮವರ ನಡುಕಟ್ಟನ್ನು ಕಂಡು ಸುತ್ತಿಕೊಂಡರು. ಅದು ಅವರ ಹಡಗನ್ನೇರಿ ಲಂಡನ್ನಿನ ಊಟದ ಮನೆಯನ್ನು ಸೇರಿತು. ಬೆಲ್ಟನ್ನು ಕೊಟ್ಟು ಅವರು ನಮ್ಮನ್ನು ಸಾಹೇಬರನ್ನಾಗಿ ಮಾಡಿದರೆ, ನಡುಕಟ್ಟನ್ನು ಕೊಟ್ಟು ನಾವು ಅವರನ್ನು ಸಭ್ಯರನ್ನಾಗಿ ಮಾಡಿದೆವು ಎಂದು ಸಮಾಧಾನಪಟ್ಟುಕೊಳ್ಳಬಹುದು.

ನಾಡು ಬದಲಾದಂತೆ ಶಾಸ್ತ್ರವೂ ಬದಲಾಗುತ್ತದೆ. ಅಮೆರಿಕದ ಟೆಕ್ಸಾಸಿನ ಕಡೆ ಕುದುರೆ, ಗೂಳಿಗಳ ಪಂದ್ಯದಲ್ಲಿ ಗೆದ್ದವನಿಗೆ ಬಹುಮಾನವಾಗಿ ಕೊಡುವುದೇ ಬೆಲ್ಟಿನ ಬಿಲ್ಲೆ. ತಟ್ಟೆಯಷ್ಟು ದೊಡ್ಡದಾದ ಅದನ್ನು ಹೊಟ್ಟೆಯ ಮೇಲೆ ಹೊತ್ತು ತಿರುಗುವುದು ಅಲ್ಲಿ ಗೌರವ; ಲಂಡನ್ನಿನ ಬ್ಯಾಂಕಿನಲ್ಲಿ ಅದೇ ಬಿಲ್ಲೆ ನಗೆಪಾಟಲು. ಒಮಾನ್ ದೇಶದಲ್ಲಿ ಗಣ್ಯರು ವಿಶೇಷ ಸಮಾರಂಭಗಳಿಗೆ ಬೆಳ್ಳಿಯ ಕುಸುರಿಯ ಬಾಕನ್ನು ನಡುಪಟ್ಟಿಗೆ ಸಿಕ್ಕಿಸಿಕೊಂಡೇ ಬರಬೇಕು. ಭೂತಾನದಲ್ಲಿ ಸರಕಾರಿ ನೌಕರನು ಕಚೇರಿಗೆ ಬರುವಾಗ ಘೋ ಎಂಬ ನಿಲುವಂಗಿಯನ್ನು ಧರಿಸತಕ್ಕದ್ದು. ಅದನ್ನು ಮೊಣಕಾಲಿನವರೆಗೆ ಎತ್ತಿ, ಕೇರಾ ಎಂಬ ನೆಯ್ದ ಪಟ್ಟಿಯಿಂದ ಬಿಗಿಯುತ್ತಾರೆ; ಪಟ್ಟಿಯ ಮೇಲೆ ಎದೆಯ ಬಳಿ ಉಬ್ಬಿದ ಮಡಿಕೆಯೇ ಜೇಬು. ಅದರೊಳಗೆ ಕಾಗದ, ಎಲೆಯಡಿಕೆ ಎಲ್ಲಕ್ಕೂ ಸ್ಥಳವುಂಟು. ಅಲ್ಲಿ ದರ್ಜೆಯನ್ನು ತಿಳಿಸುವುದು ಸೊಂಟದ ಪಟ್ಟಿಯಲ್ಲ, ಹೆಗಲ ಶಲ್ಯದ ಬಣ್ಣ. ದೊರೆಗೆ ಹಳದಿ, ಸಾಮಾನ್ಯನಿಗೆ ಬಿಳಿ.

ಅಷ್ಟು ದೂರವೇಕೆ? ನಮ್ಮ ಕೊಡಗಿನವರು ಕಪ್ಪು ಕುಪ್ಯದ ಮೇಲೆ ಕೆಂಪು ರೇಷ್ಮೆಯ ಚೇಲೆಯನ್ನು ಸುತ್ತಿ, ಅದಕ್ಕೆ ಪೀಚೆಕತ್ತಿಯನ್ನು ಸಿಕ್ಕಿಸುವ ಅಂದವನ್ನು ನೋಡದವರಾರು? 1949ರ ಜನವರಿ 15ರಂದು ಭಾರತದ ಸೇನೆಯ ಮುಖ್ಯಾಧಿಪತ್ಯವನ್ನು ವಹಿಸಿಕೊಂಡ ಮೊದಲನೆಯ ಭಾರತೀಯರಾದ ಕಾರಿಯಪ್ಪನವರು ಆ ನಾಡಿನವರು. ಮನೆಯಲ್ಲಿ ಚೇಲೆ, ದಂಡಿನಲ್ಲಿ ಚರ್ಮದ ಪಟ್ಟಿ. ಆ ನಾಡಿನ ಎಷ್ಟೋ ಮನೆತನಗಳಿಗೆ ಎರಡೂ ಬಳಕೆಯವೇ. ಘಟ್ಟದ ಕೆಳಗೆ ಮಲಬಾರಿನ ಮಾಪಿಳ್ಳ ವರ್ತಕರು ಮುಂಡಿನ ಮೇಲೆ ಅಗಲವಾದ ಹಸಿರು ಪಟ್ಟಿಯನ್ನು ಬಿಗಿಯುತ್ತಿದ್ದರು. ಅದರಲ್ಲಿ ಹಣದ ಚೀಲವಿರುತ್ತಿತ್ತು. ಅಂಗಡಿಯ ಗಲ್ಲಾಪೆಟ್ಟಿಗೆಯೇ ಅವರ ಸೊಂಟದಲ್ಲಿ! ಬೆಲ್ಟಿಗೆ ಅವರಷ್ಟು ಕೆಲಸ ಕೊಟ್ಟವರು ವಿರಳ.

ಕೆಲಸದ ಮಾತು ಬಂದಿತು. ಈಗ ಕಸುಬುಗಳ ನಿಯಮಗಳನ್ನು ನೋಡಬೇಕು. ಗಣಿಯೊಳಗೆ ಇಳಿಯುವ ಕಾರ್ಮಿಕನ ತಲೆಯ ಮೇಲಿನ ದೀಪಕ್ಕೆ ಬೇಕಾದ ಬ್ಯಾಟರಿಯನ್ನು ತೂಗುಹಾಕುತ್ತಿದ್ದುದು ಅವನ ಬೆಲ್ಟಿಗೆ. ಅಲ್ಲಿ ಬೆಲ್ಟೆಂದರೆ ಬೆಳಕು. ಮೋಟಾರು ಕಾರ್ಖಾನೆಯಲ್ಲಿ ಇದಕ್ಕೆ ವಿರುದ್ಧ: ಹೊಸ ಕಾರಿನ ಬಣ್ಣದ ಮೇಲೆ ಗೀರು ಬೀಳಬಾರದೆಂದು, ಕೆಲಸಗಾರನ ಬಕಲ್ಲನ್ನು ಬಟ್ಟೆಯಿಂದ ಮುಚ್ಚಿಸುತ್ತಾರೆ, ಇಲ್ಲವೆ ಬಕಲ್ಲೇ ಬೇಡವೆನ್ನುತ್ತಾರೆ. ಆಸ್ಪತ್ರೆಯಲ್ಲಿ ಎಂ.ಆರ್.ಐ. ಯಂತ್ರದ ಕೋಣೆಯೊಳಗೆ ಕಬ್ಬಿಣದ ಬಕಲ್ಲಿನೊಡನೆ ಕಾಲಿಡುವುದು ಅಪಾಯ; ಯಂತ್ರದ ಪ್ರಬಲ ಅಯಸ್ಕಾಂತವು ಅದನ್ನು ಸೆಳೆದುಕೊಳ್ಳುತ್ತದೆ. ವಿದ್ಯುತ್ತು ಹರಿಯುವ ಕಡೆ ಕೆಲಸ ಮಾಡುವವನ ಮೈಮೇಲೆ ಲೋಹದ ತುಂಡು ಇರಬಾರದು. ವಿಮಾನ ನಿಲ್ದಾಣದಲ್ಲಿ ದೊಡ್ಡ ಮನುಷ್ಯರೂ ಬೆಲ್ಟು ಬಿಚ್ಚಿ ತಟ್ಟೆಯಲ್ಲಿಟ್ಟು, ಒಂದು ಕೈಯಲ್ಲಿ ಷರಾಯಿಯನ್ನು ಹಿಡಿದುಕೊಂಡು ನಡೆಯುವುದನ್ನು ಕಂಡಾಗ ಸಮಾನತೆಯಲ್ಲಿ ನಂಬಿಕೆ ಹುಟ್ಟುತ್ತದೆ. ಜೈನ ಬಸದಿಗಳಲ್ಲಿಯೂ ಪುರಿಯ ಜಗನ್ನಾಥನ ಗುಡಿಯಲ್ಲಿಯೂ ಚರ್ಮದ ಬೆಲ್ಟಿಗೆ ಪ್ರವೇಶವಿಲ್ಲ; ಅಲ್ಲಿ ಕಾರಣ ಬೇರೆ, ಆದರೆ ಕಾರಣವಂತೂ ಉಂಟು.

ಒಂದು ಸ್ವಾರಸ್ಯವನ್ನು ಗಮನಿಸಿ. 1948ರ ಕಾರ್ಖಾನೆಗಳ ಅಧಿನಿಯಮದಲ್ಲಿ ಬೆಲ್ಟಿನ ಅಗಲವನ್ನು ಹೇಳಿತ್ತು: ಚಲಿಸುತ್ತಿರುವ ಗಾಲಿಯ ಮೇಲಿನ ಬೆಲ್ಟು ಹದಿನೈದು ಸೆಂಟಿಮೀಟರಿಗಿಂತ ಅಗಲವಾಗಿದ್ದರೆ ಕೆಲಸಗಾರನು ಅದನ್ನು ಮುಟ್ಟಕೂಡದು. ಅದು ಯಂತ್ರದ ಬೆಲ್ಟು. ಯಂತ್ರದ ಬಳಿ ಹೋಗುವವನ ಉಡುಪು ಮೈಗೆ ಬಿಗಿಯಾಗಿರಬೇಕೆಂದೂ, ಅದನ್ನು ಮಾಲೀಕನೇ ಒದಗಿಸಬೇಕೆಂದೂ ಅದೇ ಕಾನೂನು ಹೇಳಿತ್ತು. ಇಂಥ ನಿಯಮಗಳ ಗುಣವೆಂದರೆ ಇವು ಬರೆದಿಟ್ಟ ನಿಯಮಗಳು. ಏತಕ್ಕೆಂದು ಕೇಳಿದರೆ ಉತ್ತರವುಂಟು. ಪಾಲಿಸಬೇಕಾದುದಕ್ಕೆ ಬೇಕಾದ ಬಟ್ಟೆಯನ್ನು ಕೊಡುವ ಹೊಣೆಯೂ ಉಂಟು. ಓದು ಬರಹ ತಿಳಿಯದ ಕಾರ್ಮಿಕನಿಗೂ ಅದನ್ನು ಮೊದಲ ದಿನವೇ ಹೇಳಿಕೊಡುತ್ತಾರೆ.

ಮೇಜು ಕುರ್ಚಿಗಳ ಲೋಕಕ್ಕೆ ಬಂದಾಗ ಈ ಸ್ಪಷ್ಟತೆ ಮಾಯವಾಗುತ್ತದೆ. ವಕೀಲರ ವಿಷಯವನ್ನು ನೋಡಿ. ಭಾರತದ ವಕೀಲರ ಪರಿಷತ್ತಿನ ನಿಯಮಗಳು ಕಪ್ಪು ಕೋಟು, ಬಿಳಿಯ ಕೊರಳುಪಟ್ಟಿ, ನಿಲುವಂಗಿಗಳನ್ನೆಲ್ಲ ವಿವರವಾಗಿ ಹೇಳಿ, ಷರಾಯಿಯಾಗಲಿ ಧೋತರವಾಗಲಿ ಆಗಬಹುದೆಂದಿವೆ. ಬೆಲ್ಟಿನ ಮಾತೇ ಇಲ್ಲ. ಧೋತರ ಉಟ್ಟವನಿಗೆ ಅದೇಕೆ? ಆದರೂ ಕಂದು ಬೆಲ್ಟು ಹಾಕಿಕೊಂಡ ಹೊಸ ವಕೀಲನನ್ನು ಹಿರಿಯರು ಒಮ್ಮೆ ನೋಡಿ, ಇನ್ನೊಮ್ಮೆ ನೋಡುತ್ತಾರೆ. ಬ್ಯಾಂಕಿನಲ್ಲಿಯೂ ಹಾಗೆಯೇ: ಕಪ್ಪು ಬೂಟಿಗೆ ಕಪ್ಪು ಬೆಲ್ಟೆಂಬುದು ಸುತ್ತೋಲೆಯಲ್ಲಿ ಇರಲಿ ಬಿಡಲಿ, ಕಣ್ಣಿನಲ್ಲಿ ಇರುತ್ತದೆ. ಜಪಾನಿನಲ್ಲಿ ಕೆಲಸ ಹುಡುಕುವ ತರುಣರೆಲ್ಲ ಒಂದೇ ಅಚ್ಚಿನ ಕಪ್ಪು ಸೂಟು, ಕಪ್ಪು ಬೆಲ್ಟುಗಳಲ್ಲಿ ಹೊರಡುತ್ತಾರೆ. 2005ರಲ್ಲಿ ಅಲ್ಲಿನ ಸರಕಾರವು ವಿದ್ಯುತ್ತಿನ ಉಳಿತಾಯಕ್ಕಾಗಿ ಬೇಸಗೆಯಲ್ಲಿ ಕೋಟು ಟೈಗಳನ್ನು ಬಿಡಿರೆಂದು ಕರೆಕೊಟ್ಟಿತು, ಬೆಲ್ಟನ್ನು ಬಿಡಿರೆನ್ನಲಿಲ್ಲ.

ಇಲ್ಲಿ ಹವೆಯ ಪಾತ್ರವೂ ದೊಡ್ಡದು. ಚಳಿಯ ನಾಡಿನಲ್ಲಿ ಕೋಟು ಬೆಲ್ಟನ್ನು ಮುಚ್ಚುತ್ತದೆ. ನಮ್ಮ ಸೆಕೆಯಲ್ಲಿ ಕೋಟು ಹೋಗಿ, ಒಳಗೆ ಸೇರಿಸಿದ ಅಂಗಿಯೊಂದೇ ಉಳಿದಾಗ ಬೆಲ್ಟು ಇಡೀ ಉಡುಪಿನ ನಡುಮಧ್ಯದಲ್ಲಿ ಬಂದು ನಿಲ್ಲುತ್ತದೆ. ಬುಷ್ ಷರ್ಟು ಧರಿಸುತ್ತಿದ್ದ ಗುಮಾಸ್ತರ ಕಾಲದಲ್ಲಿ ಅದರ ಕೆಳಗೆ ಬೆಲ್ಟಿದ್ದರೂ ನಡೆಯುತ್ತಿತ್ತು, ಸೆಣಬಿನ ಹಗ್ಗವಿದ್ದರೂ ನಡೆಯುತ್ತಿತ್ತು. ಬೆಂಗಳೂರಿಗೆ ಸಾಫ್ಟ್‌ವೇರ್ ಕಚೇರಿಗಳು ಬಂದ ಮೇಲೆ ಅಂಗಿ ಒಳಗೆ ಹೋಯಿತು, ಬೆಲ್ಟು ಹೊರಗೆ ಬಂದಿತು, ಅದಕ್ಕೆ ಗುರುತಿನ ಚೀಟಿಯೂ ಸಿಕ್ಕಿಕೊಂಡಿತು. ಹಳೆಯ ಜವಾನನ ಬಿಲ್ಲೆಯನ್ನು ಹೊಸ ಎಂಜಿನಿಯರನು ಧರಿಸಿದನೆಂದು ನಾನು ತರಗತಿಯಲ್ಲಿ ತಮಾಷೆ ಮಾಡುವುದುಂಟು. 2015ರಲ್ಲಿ ಇನ್ಫೋಸಿಸ್ ಸಂಸ್ಥೆಯು ಉಡುಪಿನ ಕಟ್ಟುನಿಟ್ಟನ್ನು ಸಡಿಲಿಸಿತು. 2019ರಲ್ಲಿ ನ್ಯೂಯಾರ್ಕಿನ ಗೋಲ್ಡ್‌ಮನ್ ಸ್ಯಾಕ್ಸ್ ಎಂಬ ಹಣಕಾಸಿನ ಮನೆಯೂ ಹಾಗೆಯೇ ಮಾಡಿತು. ಒಳಗಿರುವವರಿಗೆ ನಿಯಮ ಸಡಿಲವಾಯಿತು, ನಿಜ. ಬಾಗಿಲಲ್ಲಿ ನಿಂತಿರುವವನಿಗೆ?

ಆ ಬಾಗಿಲಿನ ಮಾತನ್ನೇ ನಾನು ಹೇಳಬೇಕೆಂದಿದ್ದುದು. ಪದವಿಯ ಕೊನೆಯ ವರ್ಷದ ಹುಡುಗರು ಸಂದರ್ಶನಕ್ಕೆ ಹೊರಡುವ ದಿನಗಳಲ್ಲಿ ವಿದ್ಯಾರ್ಥಿನಿಲಯದ ಕಡೆ ಹೋದರೆ ಒಂದು ದೃಶ್ಯ ಕಾಣುತ್ತದೆ. ಒಂದು ಕೋಣೆಗೆ ಒಂದೇ ಒಳ್ಳೆಯ ಬೆಲ್ಟು. ಬೆಳಗ್ಗೆ ಹತ್ತಕ್ಕೆ ಒಬ್ಬನ ಸೊಂಟದಲ್ಲಿ, ಮಧ್ಯಾಹ್ನಕ್ಕೆ ಇನ್ನೊಬ್ಬನ ಸೊಂಟದಲ್ಲಿ. ಬಡಕಲು ಹುಡುಗನಿಗಾಗಿ ಮೊಳೆ ಕಾಯಿಸಿ ಹೆಚ್ಚಿಗೆ ಚುಚ್ಚಿದ ತೂತುಗಳು ಒಂದರ ಹಿಂದೊಂದು. ಆ ತೂತುಗಳನ್ನು ಎಣಿಸಿದರೆ ಆ ಕೋಣೆಯಿಂದ ಎಷ್ಟು ಮಂದಿ ಕೆಲಸ ಕೇಳಲು ಹೋದರೆಂದು ಲೆಕ್ಕ ಹಾಕಬಹುದು. ಇವರಲ್ಲಿ ಹೆಚ್ಚಿನವರ ತಂದೆಯರು ಬೆಲ್ಟು ಕಟ್ಟಿದವರಲ್ಲ; ಪಂಚೆ ಉಟ್ಟು ಹೊಲ ಉತ್ತವರು, ಲುಂಗಿ ಉಟ್ಟು ಅಂಗಡಿ ನಡೆಸಿದವರು. ಬೂಟಿನ ಬಣ್ಣವೂ ಬೆಲ್ಟಿನ ಬಣ್ಣವೂ ಒಂದೇ ಇರಬೇಕೆಂದು ಆ ಮನೆಗಳಲ್ಲಿ ಹೇಳಿಕೊಡುವವರಾರು? ಬರೆದಿಟ್ಟ ನಿಯಮವನ್ನು ಬಡವನ ಮಗನು ಓದಿ ಕಲಿಯಬಲ್ಲನು. ಅವನು ಕಲಿಯಲೆಂದೇ ಬಂದವನು. ಬರೆಯದ ನಿಯಮವನ್ನು ಮಾತ್ರ ಅವನು ಸೋತ ಮೇಲೆಯೇ ತಿಳಿಯಬೇಕು. ಕೆಲವು ಸಲ ಸೋತುದು ಏಕೆಂದು ಕೊನೆಯವರೆಗೂ ತಿಳಿಯುವುದೇ ಇಲ್ಲ.

ಇದು ಹುಡುಗರ ಕಷ್ಟವಷ್ಟೇ ಅಲ್ಲ. 2014ರಲ್ಲಿ ಮದರಾಸಿನ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳೊಬ್ಬರನ್ನೇ ಪಂಚೆ ಉಟ್ಟಿದ್ದಾರೆಂದು ಕ್ಲಬ್ಬೊಂದು ಹೊರಗೆ ನಿಲ್ಲಿಸಿತು. ಅದೇ ವರ್ಷ ತಮಿಳುನಾಡಿನ ಸರಕಾರವು ಅಂಥ ನಿಷೇಧವನ್ನು ತೊಡೆಯುವ ಕಾನೂನನ್ನೇ ತಂದಿತು. 2024ರ ಜುಲೈನಲ್ಲಿ ನಮ್ಮ ಬೆಂಗಳೂರಿನ ಮಾಗಡಿ ರಸ್ತೆಯ ಒಂದು ಮಾಲಿಗೆ ಮಗನೊಡನೆ ಸಿನಿಮಾ ನೋಡಲು ಬಂದ ವೃದ್ಧ ರೈತರೊಬ್ಬರನ್ನು ಪಂಚೆಯ ಕಾರಣದಿಂದ ಬಾಗಿಲಲ್ಲೇ ತಡೆದರು. ಜನರು ಕೆರಳಿದರು, ಸರಕಾರವು ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಹೇಳಿತು. ನ್ಯಾಯಮೂರ್ತಿಗಳಿಗೂ ಆ ರೈತರಿಗೂ ಆದ ಅವಮಾನ ಲೋಕಕ್ಕೆ ಕಂಡಿತು. ಸಂದರ್ಶನದ ಮೇಜಿನ ಆಚೆಯಿಂದ ಸೊಂಟದತ್ತ ಬೀಳುವ ಒಂದು ನೋಟ ಯಾರಿಗೆ ಕಾಣುತ್ತದೆ?

ಹಾಗೆಂದು ಬೆಲ್ಟನ್ನು ಕಿತ್ತೆಸೆಯಿರಿ ಎಂದು ನಾನು ಹುಡುಗರಿಗೆ ಹೇಳಲಾರೆ. ಲೋಕವನ್ನು ತಿದ್ದುವವರೆಗೆ ಕೆಲಸವಿಲ್ಲದೆ ಕುಳಿತಿರಲು ಅವರಿಗೆ ಆಗದು. ಆದುದರಿಂದ ಬರೆಯದ ಶಾಸ್ತ್ರವನ್ನು ಇಲ್ಲಿ ಬರೆದೇ ಬಿಡುತ್ತೇನೆ. ಮನೆಯಲ್ಲಿ ಕೆಲಸ ಹುಡುಕುವ ತಮ್ಮನೋ ಮಗನೋ ಇದ್ದರೆ ಓದಿ ಹೇಳಿ. ಒಂದೇ ಬೆಲ್ಟು ಕೊಳ್ಳಲು ಹಣವಿದ್ದರೆ ಕಪ್ಪು ಚರ್ಮದ್ದನ್ನು ಕೊಳ್ಳಿ, ಬೂಟೂ ಕಪ್ಪಿರಲಿ. ಅಗಲ ಮೂರು, ಮೂರೂವರೆ ಸೆಂಟಿಮೀಟರು ಸಾಕು. ಅದಕ್ಕಿಂತ ಅಗಲವಾದುದು ಜೀನ್ಸಿಗೆ. ಬಕಲ್ಲು ಚಿಕ್ಕದಾಗಿ, ಸಾದಾ ಆಗಿರಲಿ. ಅದರ ಮೇಲೆ ಯಾವ ಕಂಪನಿಯ ಹೆಸರೂ ಬೇಡ, ನೀವು ಯಾರ ಪಟ್ಟೇವಾಲರೂ ಅಲ್ಲ. ಷರಾಯಿಯ ಅಳತೆಗಿಂತ ಎರಡು ಅಂಗುಲ ಹೆಚ್ಚಿನದನ್ನು ಆರಿಸಿದರೆ ಐದು ತೂತುಗಳಲ್ಲಿ ನಡುವಿನದಕ್ಕೆ ಸರಿಯಾಗಿ ಕೂರುತ್ತದೆ. ಇಷ್ಟೇ ಶಾಸ್ತ್ರ. ಕಲಿಯಲು ಐದು ನಿಮಿಷ ಹಿಡಿಯುವ ಈ ವಿದ್ಯೆಗಾಗಿ ಒಬ್ಬನ ಅನ್ನವನ್ನು ತಡೆಯುವುದು ನ್ಯಾಯವಲ್ಲ.

ಕೊನೆಯ ಮಾತು ಮೇಜಿನ ಆಚೆ ಕುಳಿತಿರುವ ಹಿರಿಯರಿಗೆ. ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಅಂಥವರು ಅನೇಕರಿದ್ದೀರಿ. ನಿಮ್ಮ ಕಚೇರಿಗೆ ಉಡುಪಿನ ನಿಯಮ ಬೇಕೆನಿಸಿದರೆ ಇರಲಿ. ಆದರೆ ಸಂದರ್ಶನಕ್ಕೆ ಕರೆಯುವ ಕಾಗದದಲ್ಲಿಯೇ ಅದನ್ನು ಎರಡು ಸಾಲು ಬರೆಯಿಸಿ. ಮುಂದೆ ನಿಂತ ಹುಡುಗನ ಬೆಲ್ಟಿನಲ್ಲಿ ಮೊಳೆಯಿಂದ ಚುಚ್ಚಿದ ತೂತುಗಳು ಕಂಡರೆ, ಅವನು ಅಶಿಸ್ತಿನವನೆಂದು ತೀರ್ಮಾನಿಸಬೇಡಿ. ಇನ್ನೊಬ್ಬನ ಬೆಲ್ಟನ್ನಾದರೂ ಬೇಡಿ ತಂದು, ತನ್ನ ನಡುವಿಗೆ ಹೊಂದಿಸಿಕೊಂಡು, ಟೊಂಕ ಕಟ್ಟಿ ಬಂದವನು ಅವನು.